ಎದುರಾಳಿ ಸುಮ್ಮನೆ ನಿಲ್ಲದಿದ್ದಾಗ

2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಸ್ಪರ್ಧೆಗಳ ಕೊನೆಯ ದಿನ. 75 ಕೆ.ಜಿ.ಗಿಂತ ಹೆಚ್ಚು ತೂಕದವರ ಫೈನಲ್‌ನಲ್ಲಿ ಸೌದಿ ಅರೇಬಿಯದ ತಾರೆಗ್ ಹಮೇದಿ 4–1ರಿಂದ ಮುಂದಿದ್ದರು. ಅವರು ಎತ್ತರಕ್ಕೆ ಬೀಸಿದ ಒಂದು ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಎಚ್ಚರ ತಪ್ಪಿ ನೆಲಕ್ಕೆ ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ತೀರ್ಪು ಬಂತು: ಚಿನ್ನ ಗಂಜ್‌ಜಾದೆಗೆ, ಬೆಳ್ಳಿ ಹಮೇದಿಗೆ. ಮಿತಿ ಮೀರಿದ ಜೋರಿನಲ್ಲಿ ಹೊಡೆದದ್ದಕ್ಕೆ ಹಮೇದಿ ಆ ಪಂದ್ಯದಿಂದ ಅನರ್ಹರಾಗಿದ್ದರು.

ಎಚ್ಚರ ತಪ್ಪಿ ಮಲಗಿದವರು ಗೆದ್ದರು, ಮಲಗಿಸಿದವರು ಸೋತರು ಎಂದು ಜಗತ್ತೆಲ್ಲ ನಕ್ಕಿತು. ಆದರೆ ನಿಯಮದ ಪ್ರಕಾರ ತೀರ್ಪಿನಲ್ಲಿ ತಪ್ಪೇನೂ ಇರಲಿಲ್ಲ. ಆ ಬಗೆಯ ಕರಾಟೆಯಲ್ಲಿ ಏಟು ವೇಗವಾಗಿ ಹೋಗಬೇಕು, ಗುರಿ ಮುಟ್ಟಬೇಕು, ಆದರೆ ತಲೆಗೆ ಬೀಳುವಾಗ ಹಿಡಿತದಲ್ಲಿರಬೇಕು. ಹತ್ತು ಹದಿನೈದು ವರ್ಷ ಹೀಗೆ ಅಭ್ಯಾಸ ಮಾಡಿದವರ ದೇಹ ಏಟನ್ನು ಕಳಿಸುವುದರ ಜೊತೆಗೆ ಅದನ್ನು ತಡೆದು ನಿಲ್ಲಿಸುವುದನ್ನೂ ಕಲಿತಿರುತ್ತದೆ. ದೇಹಕ್ಕೆ ಗೊತ್ತಿರುವುದು ತಾನು ಮಾಡಿದ ಅಭ್ಯಾಸ ಮಾತ್ರ, ಬೀದಿಗೆ ಬಂದರೂ ಅದು ಮಾಡುವುದು ಅದನ್ನೇ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಯೊಂದಿದೆ: ಮಗಳನ್ನು ಯಾವುದಕ್ಕೆ ಸೇರಿಸೋಣ, ಕರಾಟೆಗೋ ಟೇಕ್ವಾಂಡೊಗೋ? ದೊಡ್ಡ ಊರುಗಳಲ್ಲಾದರೆ ಪಟ್ಟಿ ಇನ್ನೂ ಉದ್ದ: ಕಳರಿ, ಮುವಾಯ್ ಥಾಯ್, ಬ್ರೆಜಿಲ್‌ನ ಜುಜುತ್ಸು, ಇಸ್ರೇಲಿನ ಕ್ರಾವ್ ಮಗಾ. ಪ್ರತಿಯೊಂದರ ಫಲಕದ ಮೇಲೂ ‘ಆತ್ಮರಕ್ಷಣೆ’ ಎಂಬ ಪದವಿರುತ್ತದೆ. ಯಾವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ನೂರಾ ನಲವತ್ತು ವರ್ಷಗಳಿಂದ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ಸಿಕ್ಕ ಉತ್ತರವಂತೂ ಯಾವ ಫಲಕದ ಮೇಲೂ ಇಲ್ಲ.

ಹುಡುಕಾಟ ಶುರುವಾದದ್ದು ಟೋಕಿಯೊದ ಎಯ್ಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, 1882ರಲ್ಲಿ. ಇಪ್ಪತ್ತರ ಹರೆಯದ ಸಣಕಲು ಮೇಷ್ಟರು ಕಾನೊ ಜಿಗೊರೊ ಅಲ್ಲಿ ಕೆಲವೇ ಚಾಪೆಗಳನ್ನು ಹಾಸಿಕೊಂಡು ಕೊಡೊಕಾನ್ ಎಂಬ ಶಾಲೆ ತೆರೆದರು. ಹಳೆಯ ಜುಜುತ್ಸು ಶಾಲೆಗಳಲ್ಲಿ ಕಣ್ಣಿಗೆ ಬೆರಳು ಹಾಕುವುದು, ಗಂಟಲು ಜಜ್ಜುವುದು, ಬೆರಳು ಮುರಿಯುವುದು ಮುಂತಾದ ಭಯಂಕರ ವಿದ್ಯೆಗಳೆಲ್ಲ ಇದ್ದವು. ಆದರೆ ಅವನ್ನು ಗೆಳೆಯನ ಮೇಲೆ ನಿಜವಾಗಿ ಪ್ರಯೋಗಿಸಲಾಗದು. ಮಾಡಿದರೆ ಮರುದಿನ ಅಭ್ಯಾಸಕ್ಕೆ ಗೆಳೆಯನೇ ಇರುವುದಿಲ್ಲ. ಹಾಗಾಗಿ ಹಲವು ಶಾಲೆಗಳಲ್ಲಿ ಅವು ಒಪ್ಪಂದದ ಆಟವಾಗಿ ಉಳಿದಿದ್ದವು. ನೀನು ಹೀಗೆ ಬಾ, ನಾನು ಹೀಗೆ ತಡೆಯುತ್ತೇನೆ, ಆಮೇಲೆ ನೀನು ಬೀಳು.

ಕಾನೊ ಮಾಡಿದ್ದು ತಲೆಕೆಳಗಾದ ಕೆಲಸ. ಅಪಾಯಕಾರಿ ಪಟ್ಟುಗಳನ್ನು ದಿನದ ಜಿದ್ದಾಜಿದ್ದಿಯಿಂದ ತೆಗೆದು ಬೇರೆ ಕಡೆ ಇಟ್ಟರು. ಎಸೆಯುವುದು, ಅದುಮಿ ಹಿಡಿಯುವುದು, ಕತ್ತು ಬಿಗಿಯುವುದು, ಮೊಣಕೈ ತಿರುಚುವುದು, ಇಷ್ಟನ್ನೇ ಉಳಿಸಿಕೊಂಡರು. ಉಳಿದದ್ದನ್ನು ಪೂರ್ತಿ ಬಲ ಹಾಕಿ, ಎದುರಾಳಿಯೂ ಪೂರ್ತಿ ಬಲದಿಂದ ತಪ್ಪಿಸಿಕೊಳ್ಳಲು ಹೆಣಗುವಾಗಲೇ ಮಾಡಬೇಕು ಎಂದರು. ಇದಕ್ಕೆ ರಾಂದೊರಿ ಎಂಬ ಹೆಸರು. ಕಡಿಮೆ ಮಾರಕವಾದ ವಿದ್ಯೆಯನ್ನು ದಿನಾ ನಿಜವಾಗಿ ಮಾಡಿದವನು, ಹೆಚ್ಚು ಮಾರಕವಾದದ್ದನ್ನು ಗಾಳಿಯಲ್ಲಿ ಮಾಡಿದವನಿಗಿಂತ ಹೆಚ್ಚು ಅಪಾಯಕಾರಿಯಾದ. ಜೂಡೊ ಹುಟ್ಟಿದ್ದು ಹೀಗೆ, ಮತ್ತು ಕದನಕಲೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಂದಿಗೂ ಸಿಕ್ಕಿಲ್ಲ.

ನಮ್ಮ ಗರಡಿಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ. ಮಟ್ಟಿಯ ಮೇಲೆ ಜೋಡಿ ಕಟ್ಟುವ ಪೈಲ್ವಾನನಿಗೆ ಎದುರಿನವನು ಸುಮ್ಮನೆ ನಿಂತು ಸಹಕರಿಸುವುದು ಎಂದರೇನೆಂದೇ ಗೊತ್ತಿಲ್ಲ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಬೋಳಿಸಿದ ತಲೆ, ಬೆರಳಿಗೆ ಮೊನಚಾದ ಆಯುಧ, ಎದುರಾಳಿಯ ತಲೆಯಿಂದ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ಎಷ್ಟೇ ಉಗ್ರವಾಗಿ ಕಂಡರೂ ಅಲ್ಲೂ ಒಂದು ಗೆರೆಯಿದೆ. ಗೆರೆಯಿಲ್ಲದೆ ವಿದ್ಯೆ ಒಂದು ತಲೆಮಾರು ದಾಟುವುದಿಲ್ಲ. ಯಾವ ಕಲೆ ಗೆರೆಯನ್ನು ಎಲ್ಲಿ ಎಳೆದಿದೆ, ಆ ಗೆರೆಯೊಳಗೆ ಎಷ್ಟು ನಿಜವಾಗಿ ಸೆಣಸುತ್ತದೆ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇದೆ.

ಕಾನೊ ಅವರ ಶಿಷ್ಯಪರಂಪರೆಯ ಮಾಯೆದಾ ಮಿತ್ಸುಯೊ ದೇಶ ದೇಶ ಸುತ್ತಿ ಬ್ರೆಜಿಲ್ ಸೇರಿದರು. ಅಲ್ಲಿ ಅವರಿಂದ ಕಲಿತವರಲ್ಲಿ ಕಾರ್ಲೊಸ್ ಗ್ರೇಸಿ ಒಬ್ಬ. ಗ್ರೇಸಿ ಮನೆತನ ನೆಲಕ್ಕೆ ಬಿದ್ದ ಮೇಲಿನ ಸೆಣಸಾಟವನ್ನೇ ಬೆಳೆಸಿ, ನಮ್ಮದೇ ಶ್ರೇಷ್ಠ ಎಂದು ಊರೂರಿಗೆ ಸವಾಲು ಹಾಕುತ್ತ ಬಂತು. ಆ ಸವಾಲಿನ ದೊಡ್ಡ ರೂಪ 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ಯು.ಎಫ್.ಸಿ. ಪಂದ್ಯಾವಳಿ. ಎಂಟು ಮೂಲೆಯ ಪಂಜರ, ಎಂಟು ಜನ, ತೂಕದ ವರ್ಗಗಳಿಲ್ಲ. ಕಚ್ಚಬಾರದು, ಕಣ್ಣು ಕೀಳಬಾರದು ಎಂಬುದು ಬಿಟ್ಟರೆ ನಿಯಮಗಳೂ ಹೆಚ್ಚಿಲ್ಲ. ಬಾಕ್ಸರ್, ಸುಮೊ ಮಲ್ಲ, ಫ್ರಾನ್ಸಿನ ಸವಾತ್ ಪಟು, ಕರಾಟೆಯವರು, ಎಲ್ಲರೂ ಬಂದಿದ್ದರು. ಗೆದ್ದದ್ದು ಸುಮಾರು 80 ಕೆ.ಜಿ. ತೂಕದ, ನೋಡಿದರೆ ಯಾರೂ ಹೆದರದಂಥ ರಾಯ್ಸ್ ಗ್ರೇಸಿ. ಒಂದೇ ರಾತ್ರಿ ಮೂವರನ್ನು ಸೋಲಿಸಲು ಅವರಿಗೆ ಹಿಡಿದದ್ದು ಒಟ್ಟು ಐದು ನಿಮಿಷ. ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದೇ ಕೈಗೆ ಗ್ಲೌಸ್ ಹಾಕಿ ಬಂದಿದ್ದರು. ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಸೋಲೊಪ್ಪಿದರು.

ಪಂದ್ಯಾವಳಿ ನಡೆಸಿದವರಲ್ಲಿ ಗ್ರೇಸಿ ಮನೆಯವರೂ ಇದ್ದರು ಎಂಬುದನ್ನು ಮರೆಯಬಾರದು. ಅದು ಪ್ರಯೋಗವೂ ಹೌದು, ಜಾಹೀರಾತೂ ಹೌದು. ಆದರೂ ಅದರಿಂದ ಹೊರಬಂದ ತಿಳಿವಳಿಕೆ ಸುಳ್ಳಲ್ಲ. ನಿಂತು ಹೊಡೆಯುವುದನ್ನು ಮಾತ್ರ ಬಲ್ಲವನನ್ನು ಯಾರಾದರೂ ತಬ್ಬಿ ಕೆಡವಿದರೆ ಅವನ ಅರ್ಧ ವಿದ್ಯೆ ಅಲ್ಲೇ ಮುಗಿಯುತ್ತದೆ. ಮುಂದಿನ ವರ್ಷಗಳಲ್ಲಿ ಎಲ್ಲರೂ ನೆಲದ ವಿದ್ಯೆ ಕಲಿತರು, ಗ್ರೇಸಿಗಳ ಏಕಸ್ವಾಮ್ಯವೂ ಕರಗಿತು. 2006ರಲ್ಲಿ ಕುಸ್ತಿಯಿಂದ ಬಂದ ಮ್ಯಾಟ್ ಹ್ಯೂಸ್ ಅದೇ ರಾಯ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಸೋಲಿಸಿದರು. 2009ರಲ್ಲಿ ಶೊಟೊಕಾನ್ ಕರಾಟೆಯಲ್ಲಿ ಬೆಳೆದ ಲ್ಯೋಟೊ ಮಚೀದಾ ಯು.ಎಫ್.ಸಿ. ಚಾಂಪಿಯನ್ ಆದರು. ಕರಾಟೆ ಕೆಲಸಕ್ಕೆ ಬಾರದು ಎಂದವರ ಬಾಯಿ ಆಗ ಮುಚ್ಚಿತು. ಮಚೀದಾ ಅವರ ಒದೆ, ಗುದ್ದು ಎಲ್ಲರಿಗೂ ಗೊತ್ತಿದ್ದವೇ. ಆದರೆ ಅವರು ಅವನ್ನು ತಿರುಗಿ ಬೀಳುವವರ ಎದುರು ಪಳಗಿಸಿಕೊಂಡಿದ್ದರು.

ಇದರ ಇನ್ನೊಂದು ಮುಖ 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಕಂಡಿತು. ತೈ ಚಿ ಗುರು ವೆಯ್ ಲೆಯ್ ಅವರಿಗೂ ಮಿಶ್ರ ಕದನಕಲೆಯ ಶು ಶಿಯಾವೊಡೊಂಗ್ ಅವರಿಗೂ ಪಂದ್ಯ ಏರ್ಪಟ್ಟಿತು. ಅರ್ಧ ನಿಮಿಷದೊಳಗೆ ಗುರುಗಳು ನೆಲದ ಮೇಲಿದ್ದರು. ದೇಶದಲ್ಲಿ ದೊಡ್ಡ ಗಲಾಟೆಯೇ ಆಯಿತು, ಬೈಸಿಕೊಂಡವರು ಹೆಚ್ಚಾಗಿ ಗೆದ್ದವರೇ. ತಮಾಷೆಯೆಂದರೆ, ವಯಸ್ಸಾದವರು ಕಾಲು ಜಾರಿ ಬೀಳುವುದನ್ನು ಕಡಿಮೆ ಮಾಡುವುದರಲ್ಲಿ ತೈ ಚಿ ನೆರವಾಗುತ್ತದೆಂಬುದು ಹಲವು ವೈದ್ಯಕೀಯ ಪ್ರಯೋಗಗಳಲ್ಲಿ ಕಂಡಿದೆ. ಎಪ್ಪತ್ತರ ಅಜ್ಜಿಗೆ ಕಳ್ಳನಿಗಿಂತ ಬಚ್ಚಲಿನ ನೆಲವೇ ದೊಡ್ಡ ಶತ್ರು. ಅವರ ಮಟ್ಟಿಗೆ ತೈ ಚಿಯೇ ಆತ್ಮರಕ್ಷಣೆ.

ಪಂಜರದ ಪಂದ್ಯವನ್ನೂ ಅತಿಯಾಗಿ ನಂಬಬಾರದು. ನಿಯಮ ಬದಲಾದರೆ ಗೆಲ್ಲುವ ವಿದ್ಯೆಯೂ ಬದಲಾಗುತ್ತದೆ. 1976ರ ಜೂನ್ 26ರಂದು ಟೋಕಿಯೊದಲ್ಲಿ ಮುಹಮ್ಮದ್ ಅಲಿ ಎದುರು ಜಪಾನಿನ ಮಲ್ಲ ಅಂಟೊನಿಯೊ ಇನೊಕಿ ನಿಂತರು, ಅಥವಾ ಮಲಗಿದರು. ಹದಿನೈದು ಸುತ್ತುಗಳ ಬಹುಪಾಲು ಹೊತ್ತು ಇನೊಕಿ ಬೆನ್ನ ಮೇಲೆ ಬಿದ್ದುಕೊಂಡೇ ಅಲಿಯ ಕಾಲಿಗೆ ಒದ್ದರು. ಪಂದ್ಯ ಡ್ರಾ ಆಯಿತು. ಅಲಿಯ ಕಾಲುಗಳು ಊದಿ ಆಸ್ಪತ್ರೆ ಸೇರಬೇಕಾಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಇನೊಕಿಯಂತೆ ಬೆನ್ನ ಮೇಲೆ ಮಲಗಿದರೆ ಎದುರಾಳಿಯ ಗೆಳೆಯ ಬಂದು ತಲೆಗೆ ಒದೆಯುತ್ತಾನೆ, ಅಷ್ಟೆ. ಬೀದಿಯಲ್ಲಿ ರೆಫರಿ ಇಲ್ಲ, ಎದುರಾಳಿ ಒಬ್ಬನೇ ಎಂಬ ಭರವಸೆಯಿಲ್ಲ, ಅವನ ಜೇಬಿನಲ್ಲಿ ಏನಿದೆಯೋ ಗೊತ್ತಿಲ್ಲ.

‘ಹತ್ತರಲ್ಲಿ ಒಂಬತ್ತು ಜಗಳ ನೆಲಕ್ಕೇ ಬರುತ್ತವೆ’ ಎಂಬ ಮಾತು ಜುಜುತ್ಸು ಶಾಲೆಗಳಲ್ಲಿ ಮಂತ್ರದಂತೆ ಓಡಾಡುತ್ತದೆ. ಅದರ ಬೇರು 1988ರ ಲಾಸ್ ಏಂಜಲೀಸ್ ಪೊಲೀಸರ ದಾಖಲೆಗಳಲ್ಲಿದೆ. ಅಲ್ಲಿದ್ದ ಸಂಖ್ಯೆ ಶೇ. 62, ಅದೂ ಬಂಧಿಸುವಾಗಿನ ಘರ್ಷಣೆಗಳದು. ಪೊಲೀಸರು ಆರೋಪಿಯನ್ನು ನೆಲಕ್ಕೆ ಕೆಡವುವುದು ಕೈಕೋಳ ತೊಡಿಸಲು. ಮನೆಗೆ ಹೊರಟ ಹುಡುಗಿಗೆ ಯಾರಿಗೂ ಕೋಳ ತೊಡಿಸಬೇಕಾಗಿಲ್ಲ, ತಪ್ಪಿಸಿಕೊಂಡು ಓಡಿದರೆ ಸಾಕು. ನೆಲದ ವಿದ್ಯೆಯಲ್ಲಿ ಅವಳಿಗೆ ಬೇಕಾದ್ದು ಮೇಲೆ ಕೂತವನ ಅಡಿಯಿಂದ ಹೊರಬಂದು ಎದ್ದು ನಿಲ್ಲುವ ಭಾಗ ಮಾತ್ರ. ಒಳ್ಳೆಯ ಶಾಲೆಯಲ್ಲಿ ಅದನ್ನು ಮೊದಲು ಕಲಿಸುತ್ತಾರೆ.

ಇನ್ನು ಗುದ್ದಿನ ಲೆಕ್ಕ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರುನೊ ಅವರ ಗುದ್ದನ್ನು ಉಪಕರಣಗಳಿಂದ ಅಳೆದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಮುಷ್ಟಿ ಹೊರಟು ಹತ್ತನೇ ಒಂದು ಸೆಕೆಂಡಿನಲ್ಲಿ 49 ಸೆಂಟಿಮೀಟರ್ ಸಾಗಿತ್ತು. ಗುರಿಗೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ 8.9 ಮೀಟರ್, ಒತ್ತಿದ ಬಲ ಸುಮಾರು 0.4 ಟನ್. ಇದರಲ್ಲಿ ಹೆದರಬೇಕಾದ್ದು ಟನ್ನಿನ ಲೆಕ್ಕಕ್ಕಲ್ಲ, ಸಮಯದ ಲೆಕ್ಕಕ್ಕೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಿಸಲು ಆರೋಗ್ಯವಂತ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಗುದ್ದು ಬಿದ್ದು, ಕೈ ವಾಪಸ್ ಹೋಗಿರುತ್ತದೆ. ಬರುವ ಗುದ್ದನ್ನು ನೋಡಿ, ಮುಂಗೈಯಿಂದ ತಡೆದು, ಮಣಿಕಟ್ಟು ಹಿಡಿದು ತಿರುಚುವ ಸುಂದರ ದೃಶ್ಯ ಸಿನಿಮಾಕ್ಕೆ ಸರಿ, ಶರೀರಶಾಸ್ತ್ರಕ್ಕೆ ಒಗ್ಗದು.

ಹಾಗಾದರೆ ಬಾಕ್ಸರ್‌ಗಳು ತಪ್ಪಿಸಿಕೊಳ್ಳುವುದು ಹೇಗೆ? ಅವರು ಮುಷ್ಟಿಯನ್ನು ನೋಡುವುದಿಲ್ಲ. ಭುಜ ಅಲುಗುವುದನ್ನು, ಸೊಂಟ ತಿರುಗುವುದನ್ನು, ಹೆಜ್ಜೆ ಊರುವುದನ್ನು ನೋಡಿ ಮುಂದೇನು ಬರುತ್ತದೆಂದು ಊಹಿಸುತ್ತಾರೆ. ಕೈಗಳನ್ನು ಮೊದಲೇ ಮೇಲಿಟ್ಟಿರುತ್ತಾರೆ, ದೂರವನ್ನು ಕಾಯ್ದುಕೊಂಡಿರುತ್ತಾರೆ. ಸಾವಿರಾರು ಗುದ್ದು ತಿಂದ ಮೇಲೆ ಬರುವ ಈ ಓದು ಯಾವ ಪುಸ್ತಕದಲ್ಲೂ ಸಿಗದು. ಆಯ್ಕೆಗಳ ಸಂಖ್ಯೆಯೂ ಇಲ್ಲಿ ತೊಡಕು. ಉತ್ತರಗಳು ಹೆಚ್ಚಾದಷ್ಟೂ ಆರಿಸಲು ಮಿದುಳಿಗೆ ಹೆಚ್ಚು ಹೊತ್ತು ಬೇಕೆಂದು ವಿಲಿಯಂ ಎಡ್ಮಂಡ್ ಹಿಕ್ 1952ರಲ್ಲೇ ತೋರಿಸಿದ್ದರು. ಇನ್ನೂರು ಪಟ್ಟುಗಳ ಪಠ್ಯಕ್ರಮಕ್ಕಿಂತ ಚೆನ್ನಾಗಿ ಮೈಗೂಡಿದ ನಾಲ್ಕು ಪಟ್ಟು ಮೇಲು ಎನ್ನಲು ಇದೊಂದು ಕಾರಣ.

ಬಾಕ್ಸಿಂಗ್ ಕಲಿತವರಿಗೂ ಬೀದಿ ಒಂದು ಮೋಸ ಮಾಡುತ್ತದೆ. ಪಟ್ಟಿ, ಗ್ಲೌಸ್ ಇಲ್ಲದ ಮುಷ್ಟಿಯಿಂದ ತಲೆಬುರುಡೆಗೆ ಗುದ್ದಿದರೆ ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದುಂಟು. ಆ ಮುರಿತಕ್ಕೆ ವೈದ್ಯರು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಹೆಸರಿಟ್ಟಿದ್ದಾರೆ. ಶಾಂಘೈ ಪೊಲೀಸ್ ಪಡೆಯಲ್ಲಿ ಪಳಗಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೊಗಳಿಗೆ ಕೈಕಾಳಗ ಕಲಿಸಿದ ವಿಲಿಯಂ ಫೇರ್‌ಬೇರ್ನ್ ಮುಷ್ಟಿ ಬಿಟ್ಟು ಅಂಗೈಯ ಬುಡದಿಂದ ಗದ್ದಕ್ಕೆ ಹೊಡೆಯಲು ಹೇಳುತ್ತಿದ್ದರು. ಸಲಹೆ ಈಗಲೂ ಹಳತಾಗಿಲ್ಲ.

ಬೀದಿಯಲ್ಲಿ ಎಲ್ಲಕ್ಕಿಂತ ಕ್ರೂರವಾದ ಆಯುಧ ನೆಲ. ಆಸ್ಟ್ರೇಲಿಯಾದಲ್ಲಿ ಒಂದೇ ಗುದ್ದಿಗೆ ಬಿದ್ದು, ತಲೆ ಕಾಂಕ್ರೀಟಿಗೆ ಬಡಿದು ಯುವಕರು ಸತ್ತ ಪ್ರಕರಣಗಳು ಹೆಚ್ಚಿ, 2014ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಅದಕ್ಕೆಂದೇ ಬೇರೆ ಕಾನೂನು ಮಾಡಿತು. ಜೂಡೊ ತರಗತಿಯ ಮೊದಲ ವಾರಗಳು ಬೀಳುವುದನ್ನು ಕಲಿಯುವುದರಲ್ಲೇ ಕಳೆಯುತ್ತವೆ. ಗದ್ದವನ್ನು ಎದೆಗೆ ಒತ್ತಿ, ಮೈ ಉರುಟಿಸಿ, ಏಟನ್ನು ಹಂಚುವ ವಿದ್ಯೆ ಅದು. ಇಂಥ ಬೀಳುವಿಕೆಯಿಂದ ಪಕ್ಕಕ್ಕೆ ಬಿದ್ದಾಗ ಸೊಂಟದ ಮೇಲಿನ ಪೆಟ್ಟು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆಂದು ನೆದರ್‌ಲೆಂಡ್ಸ್‌ನ ಸಂಶೋಧಕರು ಅಳೆದಿದ್ದಾರೆ. ಮಕ್ಕಳಿಗೆ ಈ ಭಾಗ ಬೇಸರ. ಆದರೆ ಜೀವನದಲ್ಲಿ ಅತಿ ಹೆಚ್ಚು ಸಲ ಉಪಯೋಗಕ್ಕೆ ಬರುವುದು ಇದೇ, ಬೈಕಿನಿಂದ ಬಿದ್ದಾಗಲೂ.

ಚಾಕುವಿನ ವಿಷಯದಲ್ಲಿ ಯಾವ ಕಲೆಯೂ ಮಾತು ಕೊಡಲಾರದು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ ಒಂದು ಲೆಕ್ಕ ಬರೆದರು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡ್ ಸಾಕು, ಪೊಲೀಸಿನವನು ಪಿಸ್ತೂಲು ತೆಗೆದು ಗುಂಡು ಹಾರಿಸಲೂ ಬೇಕಾದ್ದು ಅಷ್ಟೇ ಹೊತ್ತು. ಪಿಸ್ತೂಲು ಇದ್ದವನ ಪಾಡೇ ಹೀಗೆ. ರಬ್ಬರ್ ಚಾಕು ಹಿಡಿದ ಗೆಳೆಯ ಒಂದು ಸಲ ನಿಧಾನವಾಗಿ ಚುಚ್ಚಿ, ಕೈ ಚಾಚಿಕೊಂಡೇ ನಿಲ್ಲುವ ತರಗತಿಗಳು ವಿದ್ಯಾರ್ಥಿಗೆ ಸುಳ್ಳು ಧೈರ್ಯ ಮಾತ್ರ ಕೊಡುತ್ತವೆ. ಪರ್ಸ್ ಕೇಳಿದರೆ ಕೊಟ್ಟುಬಿಡಿ, ದಾರಿ ಸಿಕ್ಕರೆ ಓಡಿ ಎನ್ನುವ ಮಾಸ್ಟರ್ ಪ್ರಾಮಾಣಿಕ.

ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಮ್‌ಸ್ಟರ್‌ಡಾಮಿನ ಸಂಶೋಧಕರು ಡಚ್ ಪೊಲೀಸರನ್ನು ಆತಂಕದ ಸನ್ನಿವೇಶದಲ್ಲಿ ನಿಲ್ಲಿಸಿ ಅವರ ಬಂಧನ ಮತ್ತು ಆತ್ಮರಕ್ಷಣೆಯ ಕೌಶಲವನ್ನು ಪರೀಕ್ಷಿಸಿದ್ದಾರೆ. ಆತಂಕ ಏರಿದಾಗ ಕೌಶಲ ಇಳಿಯಿತು. ಇಲಾಖೆಯ ಮಾಮೂಲಿ ತರಬೇತಿಯ ಜೊತೆಗೆ ಸ್ವಂತವಾಗಿ ಕದನಕಲೆ ಅಭ್ಯಾಸ ಮಾಡುತ್ತಿದ್ದವರು ಒತ್ತಡದಲ್ಲೂ ಉಳಿದವರಿಗಿಂತ ಚೆನ್ನಾಗಿ ನಿಭಾಯಿಸಿದರು. ವರ್ಷಕ್ಕೆ ಒಂದೆರಡು ಶಿಬಿರ ಸಾಲದು, ವಾರ ವಾರವೂ ಮೈ ಬಗ್ಗಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ. ಶಾಲೆಗಳಲ್ಲಿ ಒಂದು ದಿನದ ಆತ್ಮರಕ್ಷಣಾ ಶಿಬಿರ ಮಾಡಿ, ಹೆಂಚು ಒಡೆಸಿ, ಫೋಟೊ ತೆಗೆದು ಪ್ರಮಾಣಪತ್ರ ಹಂಚುವ ಪದ್ಧತಿಯಿಂದ ಯಾರಿಗೂ ರಕ್ಷಣೆ ಸಿಗದು. ಹೆಂಚು ತಿರುಗಿ ಹೊಡೆಯುವುದಿಲ್ಲ.

ಇಷ್ಟೆಲ್ಲ ಹೋಲಿಕೆಯಲ್ಲಿ ಒಂದು ಹುಳುಕಿದೆ. ಗುರುತಿಲ್ಲದ ಗಂಡಸು, ಕತ್ತಲ ಬೀದಿ ಎಂಬ ಚಿತ್ರವನ್ನೇ ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳಲ್ಲಿ ವರ್ಷ ವರ್ಷವೂ ಕಾಣುವ ಸಂಗತಿ ಬೇರೆ: ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತ. ನೆಂಟ, ನೆರೆಯವ, ಗೆಳೆಯ, ಮಾಲೀಕ. ಅಂಥವನ ಎದುರು ಕಾಲೆತ್ತಿ ಒದೆಯದಂತೆ ತಡೆಯುವುದು ಸ್ನಾಯುವಿನ ದೌರ್ಬಲ್ಯವಲ್ಲ, ದಾಕ್ಷಿಣ್ಯ.

ಈ ಗಂಟನ್ನು ನೇರವಾಗಿ ಹಿಡಿದದ್ದು ಕೆನಡಾದ ಮನೋವಿಜ್ಞಾನಿ ಶಾರ್ಲೀನ್ ಸೆನ್. ಅಲ್ಲಿನ ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಹಿತಿಯ ಕರಪತ್ರಗಳು. ಇನ್ನೊಂದಕ್ಕೆ ಮೂರು ಮೂರು ಗಂಟೆಗಳ ನಾಲ್ಕು ತರಗತಿ. ಪರಿಚಿತನ ನಡವಳಿಕೆಯಲ್ಲಿ ಅಪಾಯವನ್ನು ಬೇಗ ಗುರುತಿಸುವುದು, ‘ಅವನೇನು ಅಂದುಕೊಂಡಾನೋ’ ಎಂಬ ಹಿಂಜರಿಕೆಯನ್ನು ಮೀರುವುದು, ದನಿಯೆತ್ತಿ ಬೇಡ ಎನ್ನುವುದು ಅಲ್ಲಿನ ಪಾಠ. ಹೊಡೆದು ಬಿಡಿಸಿಕೊಳ್ಳುವ ಅಭ್ಯಾಸವೂ ಇತ್ತು, ಆದರೆ ಅದು ಒಂದು ಭಾಗ ಮಾತ್ರ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾಗುವ ಸಂಭವ ಕರಪತ್ರದ ಗುಂಪಿನಲ್ಲಿ ಶೇ. 9.8, ತರಗತಿಯ ಗುಂಪಿನಲ್ಲಿ ಶೇ. 5.2. ಹನ್ನೆರಡು ಗಂಟೆಗಳಲ್ಲಿ ಯಾರೂ ಬ್ಲ್ಯಾಕ್ ಬೆಲ್ಟ್ ಆಗಿರಲಿಲ್ಲ. ಅಪರಾಧದ ಹೊಣೆ ಅಪರಾಧಿಯದೇ ಎಂದು ಸೆನ್ ಒತ್ತಿ ಹೇಳುತ್ತಾರೆ. ತರಬೇತಿ ಹೆಣ್ಣುಮಕ್ಕಳ ಕೈಗೆ ಸಿಗುವ ಒಂದು ಸಾಧನ, ಅಷ್ಟೆ.

ಚಿತ್ರದುರ್ಗದ ಓಬವ್ವನ ಕಥೆಯನ್ನು ನಾವು ಧೈರ್ಯದ ಕಥೆಯಾಗಿ ಹೇಳುತ್ತೇವೆ. ಆದರೆ ಒನಕೆ ಕಿಂಡಿಯನ್ನು ಕಣ್ಣಾರೆ ನೋಡಿದವರಿಗೆ ಇನ್ನೊಂದು ಮಾತು ಹೊಳೆಯಬೇಕು. ಹೈದರಾಲಿಯ ಸೈನಿಕರು ಅದರೊಳಗೆ ಒಬ್ಬೊಬ್ಬರಾಗಿ, ತಲೆ ಮುಂದಿಟ್ಟು ನುಸುಳಬೇಕಿತ್ತು. ಓಬವ್ವ ಸರಿಯಾದ ಜಾಗದಲ್ಲಿ ನಿಂತಳು, ಕೈಗೆ ದಿನಾ ಒಗ್ಗಿದ್ದ ಒನಕೆಯನ್ನೇ ಹಿಡಿದಳು. ಜಾಗ, ಸಮಯ, ಪಳಗಿದ ಕೈ, ಈ ಮೂರೂ ಅವಳ ಕಡೆಗಿದ್ದವು.

ಕಾನೂನೂ ಆತ್ಮರಕ್ಷಣೆಯ ಭಾಗವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ದಾಳಿಕೋರನ ಜೀವ ಹೋದರೂ ಅದು ಅಪರಾಧವಾಗದಿರಬಹುದು. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕೈಬಿಟ್ಟು ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಬಡಿದರೆ ಆರೋಪಿಯ ಜಾಗದಲ್ಲಿ ನಿಲ್ಲುವವರು ಬೇರೆಯಾಗುತ್ತಾರೆ.

ಹಾಗಾದರೆ ಮಗಳನ್ನು ಯಾವುದಕ್ಕೆ ಸೇರಿಸುವುದು? ಈ ಲೇಖಕನ ಪಟ್ಟಿಯಲ್ಲಿ ಜೂಡೊ, ಕುಸ್ತಿ, ಜುಜುತ್ಸು ಮೊದಲು. ಹಿಡಿದವನಿಂದ ಬಿಡಿಸಿಕೊಳ್ಳುವುದು, ಬೀಳುವುದು, ಏಳುವುದು ಅಲ್ಲಿ ದಿನದ ಕೆಲಸ. ಬಾಕ್ಸಿಂಗ್, ಮುವಾಯ್ ಥಾಯ್ ಅದರ ಬೆನ್ನಿಗೇ ಬರುತ್ತವೆ, ಏಟು ತಿಂದರೂ ಗಾಬರಿಯಾಗದಿರುವುದನ್ನು ಅವು ಕಲಿಸುತ್ತವೆ. ಕರಾಟೆ, ಟೇಕ್ವಾಂಡೊ ಪೂರ್ತಿ ಮಾಸ್ಟರ್ ಮೇಲೆ ಅವಲಂಬಿಸಿವೆ. ಕ್ರಾವ್ ಮಗಾದ ಉದ್ದೇಶ ಒಳ್ಳೆಯದು, ತರಬೇತುದಾರರ ಗುಣಮಟ್ಟ ಒಂದೊಂದು ಕಡೆ ಒಂದೊಂದು. ಕಳರಿಯನ್ನು ಕಳರಿಯ ಚೆಲುವಿಗಾಗಿಯೇ ಕಲಿಯಬೇಕು.

ಹಣ ಕಟ್ಟುವ ಮೊದಲು ಒಂದು ಸಂಜೆ ತರಗತಿಯ ಮೂಲೆಯಲ್ಲಿ ಕೂತು ನೋಡಿ. ಮಕ್ಕಳು ಜೋಡಿಯಾಗಿ ನಿಜವಾಗಿ ಸೆಣಸುತ್ತಾರೆಯೇ, ಎದುರಾಳಿ ತಪ್ಪಿಸಿಕೊಳ್ಳಲು ನೋಡುತ್ತಾನೆಯೇ, ಹಳೆಯ ವಿದ್ಯಾರ್ಥಿಗಳೂ ಆಗಾಗ ಸೋಲುತ್ತಾರೆಯೇ? ಅಪಾಯ ಕಂಡರೆ ಕೂಗು, ಓಡು, 112ಕ್ಕೆ ಫೋನ್ ಮಾಡು ಎಂದು ಮಾಸ್ಟರ್ ಹೇಳುತ್ತಾರೆಯೇ? ಹೌದಾದರೆ ಫಲಕದ ಮೇಲೆ ಯಾವ ದೇಶದ ಹೆಸರಿದ್ದರೂ ಸೇರಿಸಿ. ಧಾರವಾಡ, ಹಳಿಯಾಳ, ದಾವಣಗೆರೆಯ ಕಡೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುವ ಒಳ್ಳೆಯ ಗರಡಿ ಹತ್ತಿರದಲ್ಲಿದ್ದವರು ಕ್ರಾವ್ ಮಗಾ ಹುಡುಕಿಕೊಂಡು ಬೆಂಗಳೂರಿಗೆ ಬರಬೇಕಾಗಿಲ್ಲ.